ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ

ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡ ಅನ್ನುವ ಗಾದಿ ಕೇಳದವರು ನಮ್ಮ ಕಾಲೇಜಿನಾಗ ಯಾರೂ ಇರಲಿಕ್ಕಿಲ್ಲ. ಅದನ್ನ ಸ್ವಲ್ಪ ಬಿಡಿಸಿ ನೋಡೋಣ. ಬೂದುಗುಂಬಳದ ಮೈಮೇಲೆ ಬಿಳಿ ಪುಡಿ ಇರುತ್ತದೆ, ಹೊತ್ತವನ ಹೆಗಲಿಗೆ ಹತ್ತುತ್ತದೆ. ಹಾಗಾಗಿ ಕಳ್ಳನನ್ನು ಹಿಡಿಯಲು ಇಲ್ಲಿ ಎರಡು ದಾರಿ ಇವೆ. ಹೆಗಲ ಮೇಲೆ ಪುಡಿ ಇದೆಯೋ ಇಲ್ಲವೋ ನೋಡುವುದು ಒಂದು. ಯಾರು ಗಾಬರಿಯಾಗಿ ಹೆಗಲು ಮುಟ್ಟಿಕೊಂಡರು ಅಂತ ನೋಡುವುದು ಇನ್ನೊಂದು. ಗಾದಿ ಹೇಳುವಾಗ ನಾವು ಮೆಚ್ಚುವುದು ಎರಡನೆಯದನ್ನ. ಆದರೆ ಸಂತೆಯಾಗ ನಿಂತು ಯಾರಾದರೂ "ಕಳ್ಳನ ಹೆಗಲ ಮ್ಯಾಲೆ ಬೂದಿ ಐತಿ ನೋಡ್ರಿ" ಅಂತ ಒದರಿದರೆ, ಜೀವಮಾನದಾಗ ಕುಂಬಳಕಾಯಿ ಮುಟ್ಟದವನೂ ಒಮ್ಮೆ ತನ್ನ ಹೆಗಲ ಕಡೆ ಕಣ್ಣು ಹಾಯಿಸುತ್ತಾನೆ. ಕಳ್ಳ ಜಾಣನಿದ್ದರೆ ಕೈ ಎತ್ತುವುದೇ ಇಲ್ಲ.

ಈ ಎರಡನೆಯ ದಾರಿ, ಅಂದರೆ ಮೈಯ ಚಲನೆ ನೋಡಿ ಸುಳ್ಳು ಹಿಡಿಯುವ ವಿದ್ಯೆ, ಎಷ್ಟರಮಟ್ಟಿಗೆ ನಂಬಿಕೆಗೆ ಯೋಗ್ಯ ಅನ್ನುವುದೇ ಈ ಲೇಖನದ ವಿಷಯ. ಇದು ಮನಶ್ಶಾಸ್ತ್ರದವರ ಕೆಲಸ, ಇಂಜಿನಿಯರಿಂಗ್ ಹುಡುಗರಿಗೆ ಯಾಕೆ ಅಂತ ಕೇಳಬಹುದು. ಪ್ಲೇಸ್‌ಮೆಂಟ್ ಸೀಸನ್ ಶುರುವಾದ ಕೂಡಲೇ ಸಾಫ್ಟ್ ಸ್ಕಿಲ್ಸ್ ಕ್ಲಾಸಿನಲ್ಲಿ ಈ ಮಾತು ಬಂದೇ ಬರುತ್ತದೆ. ಮೂಗು ಮುಟ್ಟಿದರೆ ಸುಳ್ಳು, ಕೈ ಕಟ್ಟಿ ಕುಂತರೆ ಏನೋ ಮುಚ್ಚಿಡುತ್ತಿದ್ದಾರೆ, ಕಣ್ಣು ತಪ್ಪಿಸಿದರೆ ಆತ್ಮವಿಶ್ವಾಸ ಇಲ್ಲ. ಇಂಟರ್ವ್ಯೂ ಮಾಡುವವರೂ ಇದನ್ನೇ ಕಲಿತು ಬಂದಿರುತ್ತಾರೆ. ವೈವಾದಲ್ಲಿ ಕೂತವರೂ ಒಮ್ಮೊಮ್ಮೆ ಇದನ್ನೇ ನಂಬಿರುತ್ತಾರೆ. ಹಾಸ್ಟೆಲಿನಲ್ಲಿ ರೊಕ್ಕ ಕಳೆದ ದಿನ ಅಂತೂ ಎಲ್ಲರೂ ಮುಖ ಓದುವ ಪಂಡಿತರಾಗಿಬಿಡುತ್ತಾರೆ. ತಪ್ಪು ಓದಿದರೆ ಒಬ್ಬ ಹುಡುಗನಿಗೆ ಕೆಲಸ ತಪ್ಪುತ್ತದೆ, ಇನ್ನೊಬ್ಬನಿಗೆ ನಾಲ್ಕು ವರ್ಷ ಕಳ್ಳ ಅನ್ನುವ ಹೆಸರು ಅಂಟುತ್ತದೆ.

ಮೊದಲು ಕಣ್ಣಿನ ವಿಚಾರ. ಸುಳ್ಳು ಹೇಳುವವರನ್ನು ಹೇಗೆ ಗುರುತಿಸುತ್ತೀರಿ ಅಂತ 58 ದೇಶಗಳ ಜನರನ್ನು ಕೇಳಿದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 64 ಜನ ಕೊಟ್ಟ ಉತ್ತರ ಒಂದೇ: ಅವರು ಕಣ್ಣು ತಪ್ಪಿಸುತ್ತಾರೆ. ಭಾಷೆ ಬೇರೆ, ಊಟ ಬೇರೆ, ನಂಬಿಕೆ ಮಾತ್ರ ಒಂದೇ. ಆದರೆ ಅದಕ್ಕೂ ಮೊದಲೇ, 2003ರಲ್ಲಿ, ಬೆಲ್ಲಾ ಡಿಪೌಲೊ ಮತ್ತು ಸಂಗಡಿಗರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 158 ಲಕ್ಷಣಗಳನ್ನು ತೂಗಿ ನೋಡಿದ್ದರು. ಕಣ್ಣು, ಕೈ, ಕಾಲು, ದನಿ, ನಗು, ರೆಪ್ಪೆ ಬಡಿತ, ಮಾತಿನ ವಿವರ ಎಲ್ಲ ಅದರಲ್ಲಿ ಇದ್ದವು. ಬಹುಪಾಲು ಲಕ್ಷಣಗಳಿಗೂ ಸುಳ್ಳಿಗೂ ಸಂಬಂಧ ಇಲ್ಲ, ಇದ್ದರೂ ತೀರ ಸಣ್ಣದು ಅಂತ ಗೊತ್ತಾಯಿತು. ಕಣ್ಣು ತಪ್ಪಿಸುವುದರಲ್ಲಿ ಸುಳ್ಳರಿಗೂ ಸತ್ಯವಂತರಿಗೂ ಹೆಚ್ಚೂಕಡಿಮೆ ವ್ಯತ್ಯಾಸವೇ ಸಿಗಲಿಲ್ಲ. ಹೆಚ್ಚು ಜನ ನಂಬಿದ ಲಕ್ಷಣವೇ ಹೆಚ್ಚು ಪೊಳ್ಳು ಅಂದಂಗಾಯಿತು.

ಇನ್ನ ನಮ್ಮ ಕಡೆ ಬರ್ರಿ. ಬಸವನ ಬಾಗೇವಾಡಿ, ಮನಗೂಳಿ, ಹೂವಿನ ಹಿಪ್ಪರಗಿ ಸುತ್ತಿನ ಮನೆಗಳಲ್ಲಿ ದೊಡ್ಡವರ ಮುಂದೆ ನಿಂತಾಗ ಹುಡುಗರು ಎಲ್ಲಿ ನೋಡುತ್ತಾರೆ? ನೆಲ. ಅಪ್ಪ ಬೈಯುವಾಗ ಮುಖಕ್ಕೆ ಮುಖ ಕೊಟ್ಟು ನಿಂತರೆ "ಏನಲೇ, ಕಣ್ಣಾಗ ಕಣ್ಣಿಟ್ಟು ನೋಡ್ತೀಯಾ?" ಅಂತ ಇನ್ನೊಂದು ಏಟು ಹೆಚ್ಚು ಬೀಳುತ್ತದೆ. ಕನ್ನಡ ಸಾಲಿಯಲ್ಲಿ ಗುರುಗಳು ಕರೆದರೆ ಕೈ ಕಟ್ಟಿ, ತಲೆ ತಗ್ಗಿಸಿ ನಿಲ್ಲುವುದೇ ಮರ್ಯಾದೆ. ಹದಿನೆಂಟು ವರ್ಷ ಹೀಗೆ ಬೆಳೆದವನನ್ನು ಬೆಂಗಳೂರಿನ ಎಸಿ ರೂಮಿನಲ್ಲಿ ಕೂರಿಸಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, "ಈತ ಕಣ್ಣು ಕೊಟ್ಟು ಮಾತಾಡಲಿಲ್ಲ, ಪ್ರಾಜೆಕ್ಟ್ ತಾನೇ ಮಾಡಿದ್ದು ಅಂತ ಅನ್ನಿಸಲ್ಲ" ಅಂತ ಬರೆದರೆ ಅದು ಸುಳ್ಳನ್ನು ಹಿಡಿದದ್ದಲ್ಲ, ಸಂಸ್ಕಾರವನ್ನು ಹಿಡಿದದ್ದು. ಇಂಗ್ಲಿಷಿನಲ್ಲಿ ಶಬ್ದ ಹುಡುಕುವಾಗ ಕಣ್ಣು ಮೇಲೆ ಹೋಗುತ್ತದೆ, ಮಾತು ತಡವರಿಸುತ್ತದೆ. ಅದನ್ನೂ ಕತೆ ಕಟ್ಟುತ್ತಿದ್ದಾನೆ ಅಂತ ಓದುವವರಿದ್ದಾರೆ.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ನಮ್ಮ ಲ್ಯಾಬಿನ ಭಾಷೆಯಲ್ಲೇ ಹೇಳಬಹುದು. ಮಿನಿ ಪ್ರಾಜೆಕ್ಟಿನಲ್ಲಿ ಎಂಕ್ಯೂ-3 ಸೆನ್ಸರ್ ಹಾಕಿ "ಕುಡಿದು ಗಾಡಿ ಓಡಿಸುವವರನ್ನು ಹಿಡಿಯುವ ಯಂತ್ರ" ಮಾಡಿದವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅದರ ಹತ್ತಿರ ಸ್ಯಾನಿಟೈಸರ್ ಹಚ್ಚಿದ ಕೈ ತಂದರೆ ಏನಾಗುತ್ತದೆ? ಬಜರ್ ಹೊಡೆದುಕೊಳ್ಳುತ್ತದೆ. ಸೆನ್ಸರ್ ಕೆಟ್ಟಿಲ್ಲ. ಅದು ಅಳೆಯುವುದು ಆಲ್ಕೋಹಾಲ್ ಆವಿಯನ್ನ. ಕುಡಿದಿದ್ದಾನೆ ಅನ್ನುವುದು ನಾವು ಮೇಲಿಂದ ಅಂಟಿಸಿದ ಅರ್ಥ. ಮನುಷ್ಯನ ಮೈಯೂ ಹಾಗೇ. ಬೆವರು, ನಡುಕ, ಒಣಗಿದ ಗಂಟಲು ಇವೆಲ್ಲ ನರಮಂಡಲ ಉದ್ರೇಕಗೊಂಡಿದೆ ಅಂತ ಹೇಳುತ್ತವೆ, ಅಷ್ಟೇ. ಸಿಕ್ಕಿಬೀಳುವ ಭಯದಿಂದಲೂ ಆಗಬಹುದು, ನನ್ನನ್ನು ನಂಬುವುದಿಲ್ಲವಲ್ಲ ಅನ್ನುವ ಭಯದಿಂದಲೂ ಆಗಬಹುದು. ಸುಳ್ಳಿಗೆ ಅಂತಲೇ ಪ್ರತ್ಯೇಕ ಸಿಗ್ನಲ್ ಯಾವುದೂ ಮೈಯಲ್ಲಿ ಸಿಕ್ಕಿಲ್ಲ. ಮುಖದ ಸೂಕ್ಷ್ಮ ಭಾವಗಳ ಬಗ್ಗೆ ಜಗತ್ತಿಗೆಲ್ಲ ಹೇಳಿಕೊಟ್ಟ ಪಾಲ್ ಎಕ್ಮನ್ ಅವರೇ 1985ರ ತಮ್ಮ ಪುಸ್ತಕದಲ್ಲಿ ಈ ತಪ್ಪಿಗೆ ಒಥೆಲೊ ದೋಷ ಅಂತ ಹೆಸರಿಟ್ಟರು. ಶೇಕ್ಸ್‌ಪಿಯರನ ನಾಟಕದಲ್ಲಿ ಒಥೆಲೊ ತನ್ನ ಹೆಂಡತಿಯ ಮುಖದಲ್ಲಿ ಕಂಡ ಭಯ, ದುಃಖ ನಿಜವಾದದ್ದೇ. ಕಾರಣವನ್ನು ಮಾತ್ರ ಆತ ತಪ್ಪು ಊಹಿಸಿದ, ನಿರಪರಾಧಿಯನ್ನು ಕೊಂದ.

ಈಗ ಲೆಕ್ಕಕ್ಕೆ ಬರೋಣ. ಚಾರ್ಲ್ಸ್ ಬಾಂಡ್ ಮತ್ತು ಡಿಪೌಲೊ 2006ರಲ್ಲಿ 206 ಅಧ್ಯಯನ ವರದಿಗಳನ್ನು, ಅವುಗಳಲ್ಲಿ ತೀರ್ಪು ಕೊಟ್ಟ 24,483 ಜನರ ಉತ್ತರಗಳನ್ನು ಸೇರಿಸಿ ನೋಡಿದರು. ಯಾವ ವಿಶೇಷ ಸಾಧನವೂ ಇಲ್ಲದೆ ಜನ ಸತ್ಯ ಯಾವುದು, ಸುಳ್ಳು ಯಾವುದು ಅಂತ ಸರಿಯಾಗಿ ಹೇಳಿದ್ದು ಸರಾಸರಿ ಶೇಕಡಾ 54 ಸಲ. ನಾಣ್ಯ ಚಿಮ್ಮಿದರೆ 50 ಬರುತ್ತದೆ. ಬಿಡಿಸಿ ನೋಡಿದರೆ ಸುಳ್ಳನ್ನು ಸುಳ್ಳು ಅಂತ ಗುರುತಿಸಿದ್ದು ಶೇಕಡಾ 47, ಸತ್ಯವನ್ನು ಸತ್ಯ ಅಂತ ಗುರುತಿಸಿದ್ದು ಶೇಕಡಾ 61. ಅಂದರೆ ಸತ್ಯ ಹೇಳಿದ ನೂರು ಜನರಲ್ಲಿ 39 ಜನರನ್ನು ಸುಳ್ಳರು ಅಂತ ಕರೆಯಲಾಗಿದೆ.

ಈ ಅಂಕಿಗಳನ್ನು ಒಂದು ಕಾಲ್ಪನಿಕ ಹಾಸ್ಟೆಲಿಗೆ ಹಚ್ಚಿ ನೋಡ್ರಿ. ನೂರು ಹುಡುಗರು, ಒಬ್ಬ ರೊಕ್ಕ ಕದ್ದಿದ್ದಾನೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ "ನೀ ತಗೊಂಡಿಯೇನು?" ಅಂತ ಕೇಳಿ ಮುಖ ನೋಡಲಾಗುತ್ತದೆ. ಎಲ್ಲರೂ ಇಲ್ಲ ಅನ್ನುತ್ತಾರೆ. ಕದಿಯದ 99 ಜನರಲ್ಲಿ ಶೇಕಡಾ 39, ಅಂದರೆ ಸುಮಾರು 39 ಜನ ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಕದ್ದವನು ಆ ಗುಂಪಿನಲ್ಲಿ ಬೀಳುವ ಸಾಧ್ಯತೆ 0.47. ಹಾಗಾದರೆ "ಇವನ ಮುಖದಾಗ ಕಳ್ಳತನ ಕಾಣಾಕತ್ತೈತಿ" ಅಂತ ಬೆರಳು ತೋರಿಸಿದ ಹುಡುಗ ನಿಜವಾಗಿ ಕಳ್ಳ ಆಗಿರುವ ಸಾಧ್ಯತೆ ಎಷ್ಟು? 0.47 ಅನ್ನು 39.1ರಿಂದ ಭಾಗಿಸಿ: ಸುಮಾರು 1.2 ಶೇಕಡಾ. ಮುಖ ನೋಡುವ ಮೊದಲು ಅದು 1 ಶೇಕಡಾ ಇತ್ತು. ಇಷ್ಟೆಲ್ಲ ಗದ್ದಲ ಮಾಡಿ ಗಳಿಸಿದ್ದು 0.2.

ಮೂರನೇ ಸೆಮಿಸ್ಟರಿನಲ್ಲೋ ನಾಲ್ಕನೇ ಸೆಮಿಸ್ಟರಿನಲ್ಲೋ ಬೇಯ್ಸ್ ಪ್ರಮೇಯ ಅಂತ ಬಾಯಿಪಾಠ ಮಾಡಿ ಬರೆದು ಬಂದದ್ದು ಇದೇ. ಒಳ್ಳೆ ಯಂತ್ರ ಬಂದರೂ ಈ ತೊಂದರೆ ಪೂರ್ತಿ ಹೋಗುವುದಿಲ್ಲ. ಸುಳ್ಳನ್ನೂ ಸತ್ಯವನ್ನೂ ಶೇಕಡಾ 90ರಷ್ಟು ಸರಿ ಹೇಳುವ ಯಂತ್ರ ಇದೆ ಅಂತ ಇಟ್ಟುಕೊಳ್ಳಿ. 99 ನಿರಪರಾಧಿಗಳಲ್ಲಿ ಹತ್ತು ಜನರ ಮೇಲೆ ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿದವರಲ್ಲಿ ಒಬ್ಬೊಬ್ಬನೂ ಕಳ್ಳನಾಗಿರುವ ಸಾಧ್ಯತೆ ಆಗಲೂ ನೂರಕ್ಕೆ ಸುಮಾರು 8 ಮಾತ್ರ. ಕ್ಯಾಮೆರಾ ಇಟ್ಟು ಮುಖ ನೋಡಿ ಸುಳ್ಳು ಹಿಡಿಯುವ ಎಐ ಪ್ರಾಜೆಕ್ಟ್ ಮಾಡಬೇಕು ಅಂತ ಹೊರಟಿರುವ ಗೆಳೆಯರು ಅಕ್ಯುರಸಿ ಎಷ್ಟು ಅಂತ ಬರೆಯುವ ಮುಂಚೆ ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು.

ಪೊಲೀಸರಿಗೆ ಅನುಭವ ಇರುತ್ತದಲ್ಲ, ಅವರು ಹಿಡಿಯುತ್ತಾರೆ ಅನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಸಮಂತಾ ಮ್ಯಾನ್, ಆಲ್ಡರ್ಟ್ ವ್ರೈ, ರೇ ಬುಲ್ ಅವರು 99 ಪೊಲೀಸ್ ಅಧಿಕಾರಿಗಳಿಗೆ ನಿಜವಾದ ಪ್ರಕರಣಗಳ ವಿಚಾರಣೆಯ ವಿಡಿಯೊ ತೋರಿಸಿದಾಗ ಸುಮಾರು ಶೇಕಡಾ 65ರಷ್ಟು ಸರಿ ಉತ್ತರ ಬಂತು, 2004ರಲ್ಲಿ ಅದು ಪ್ರಕಟವಾಯಿತು. 54ಕ್ಕಿಂತ ಚಲೋನೇ. ಆದರೆ ಅದರಲ್ಲೇ ಇನ್ನೊಂದು ಸಂಗತಿ ಇತ್ತು. ಕಣ್ಣು ತಪ್ಪಿಸುವುದು, ಚಡಪಡಿಸುವುದು ಇಂಥ ಜನಜನಿತ ಲಕ್ಷಣಗಳನ್ನು ನೆಚ್ಚಿಕೊಂಡ ಅಧಿಕಾರಿಗಳು ಹೆಚ್ಚು ತಪ್ಪು ಮಾಡಿದ್ದರು. ಅದಕ್ಕೂ ಮೊದಲು 1999ರಲ್ಲಿ ಅಮೇರಿಕದ ಸಾಲ್ ಕ್ಯಾಸಿನ್ ಮತ್ತು ಕ್ರಿಸ್ಟಿನಾ ಫಾಂಗ್ ವಿದ್ಯಾರ್ಥಿಗಳ ಒಂದು ಗುಂಪಿಗೆ ಪೊಲೀಸ್ ತರಬೇತಿಯ ಲಕ್ಷಣಶಾಸ್ತ್ರ ಕಲಿಸಿದರು, ಇನ್ನೊಂದು ಗುಂಪಿಗೆ ಏನೂ ಕಲಿಸಲಿಲ್ಲ. ಕಲಿತವರು ಕಲಿಯದವರಿಗಿಂತ ಕಡಿಮೆ ಸರಿ ಹೇಳಿದರು, ಆದರೆ ತಮ್ಮ ಉತ್ತರದ ಮೇಲೆ ಹೆಚ್ಚು ಭರವಸೆ ಇಟ್ಟುಕೊಂಡಿದ್ದರು. ನನಗೆ ಈ ಇಡೀ ವಿಷಯದಲ್ಲಿ ಹೆದರಿಕೆ ಹುಟ್ಟಿಸಿದ್ದು ಇದೇ ಫಲಿತಾಂಶ. ಅರೆಬರೆ ವಿದ್ಯೆ ಕಣ್ಣು ತೆರೆಸಲಿಲ್ಲ, ಗತ್ತು ಮಾತ್ರ ಕೊಟ್ಟಿತು. ಅಮೇರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅಪಾಯಕಾರಿಗಳನ್ನು ಗುರುತಿಸುವ ಯೋಜನೆಗೆ 2007ರಿಂದ ಸುಮಾರು 90 ಕೋಟಿ ಡಾಲರ್ ಸುರಿದರು. ಅಲ್ಲಿಯ ಸರ್ಕಾರಿ ಲೆಕ್ಕ ತಪಾಸಣಾ ಸಂಸ್ಥೆ 2013ರಲ್ಲಿ, ಇದು ಕೆಲಸ ಮಾಡುತ್ತದೆ ಅನ್ನಲು ಪುರಾವೆ ಇಲ್ಲ, ಮುಂದಿನ ಹಣಕ್ಕೆ ಮಿತಿ ಹಾಕಿ ಅಂತ ವರದಿ ಕೊಟ್ಟಿತು.

ಸ್ಲೈಡುಗಳಲ್ಲಿ ಬರುವ 7-38-55 ಬಗ್ಗೆಯೂ ಒಂದು ಮಾತು. ಸಂವಹನದಲ್ಲಿ ಶಬ್ದಕ್ಕೆ ಬರೀ 7 ಪಾಲು, ದನಿಗೆ 38, ಮುಖಕ್ಕೆ 55 ಅನ್ನುತ್ತಾರಲ್ಲ, ಅದು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಬಿಡಿ ಬಿಡಿ ಶಬ್ದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ ಮಾಡಿದ ಪ್ರಯೋಗಗಳಿಂದ ಬಂದದ್ದು. ಎದುರಿನವರಿಗೆ ನಮ್ಮ ಮೇಲೆ ಇಷ್ಟವೋ ಅನಿಷ್ಟವೋ ಅನ್ನುವುದಕ್ಕೆ ಮಾತ್ರ ಅದು ಅನ್ವಯ ಅಂತ ಅವರೇ ಹೇಳಿದ್ದಾರೆ. ಎಲ್ಲ ಮಾತಿಗೂ ಅದು ಅನ್ವಯ ಆಗೋದಾದರೆ ನಾವು ಕಂಟ್ರೋಲ್ ಸಿಸ್ಟಮ್ಸ್ ಪಾಠವನ್ನು ಮ್ಯೂಟ್ ಮಾಡಿ ನೋಡಿಯೇ ಪಾಸಾಗಬಹುದಿತ್ತು.

ಇವೆಲ್ಲ ಪರದೇಶದ ಲ್ಯಾಬುಗಳಿಂದ ಬಂದ ಹೊಸ ವಿಚಾರ, ನಮ್ಮ ಹಿರಿಯರು ಮುಖ ನೋಡಿಯೇ ಹೇಳುತ್ತಿದ್ದರು ಅಂತ ಅನ್ನುವವರಿಗಾಗಿ ಈಗ ಕಲ್ಯಾಣಕ್ಕೆ ಹೋಗೋಣ. ಲಕ್ಷಣಗಳ ಪಟ್ಟಿ ನಮ್ಮಲ್ಲೂ ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಹಸ್ತಪ್ರತಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ವಿಷ ಹಾಕಿದವನನ್ನು ಗುರುತಿಸುವ ಪಟ್ಟಿ ಇದೆ: ಒಣಗಿದ ಮುಖ, ತೊದಲು ಮಾತು, ಬೆವರು, ಆಕಳಿಕೆ, ನಡುಕ, ಎಡವುವುದು, ಅತ್ತಿತ್ತ ನೋಡುವುದು. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರ ಭಾಗದಲ್ಲೂ ಇಂಥದ್ದೇ ಪಟ್ಟಿ. ನಿಂತಲ್ಲಿ ನಿಲ್ಲದವನು, ತುಟಿಯಂಚು ನೆಕ್ಕುವವನು, ಹಣೆ ಬೆವರುವವನು, ಮುಖದ ಬಣ್ಣ ಬದಲಾಗುವವನು, ಕಣ್ಣಿಗೆ ಕಣ್ಣು ಕೊಡದವನು ದಾವೆಯಲ್ಲೋ ಸಾಕ್ಷಿಯಲ್ಲೋ ದುಷ್ಟ ಅಂತ. ಸಾಫ್ಟ್ ಸ್ಕಿಲ್ಸ್ ಸ್ಲೈಡಿಗೂ ಇದಕ್ಕೂ ಬಹಳ ಅಂತರ ಇಲ್ಲ.

ಈ ಸ್ಮೃತಿಗೆ ಮಿತಾಕ್ಷರಾ ಅನ್ನುವ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಕಾಲದವನು, ಅಂದರೆ 1076ರಿಂದ 1126ರ ನಡುವೆ. ಕಲಬುರಗಿ ಜಿಲ್ಲೆಯ ಮರತೂರಿನವರು ಇವತ್ತಿಗೂ ಆತ ನಮ್ಮವನು ಅಂತ ಅಭಿಮಾನದಿಂದ ಹೇಳುತ್ತಾರೆ. ಬಂಗಾಳದ ಕಡೆ ಬಿಟ್ಟರೆ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ದೇಶದ ಬಹುಭಾಗದ ನ್ಯಾಯಾಲಯಗಳು ನೆಚ್ಚಿದ್ದು ಇವನ ಗ್ರಂಥವನ್ನೇ. ಆಸ್ತಿ ವಿಷಯಕ್ಕೆ ಆತನನ್ನು ನೆನೆಯುತ್ತೇವೆ, ಆದರೆ ಈ ಲಕ್ಷಣಗಳ ಪಟ್ಟಿಯ ಕೆಳಗೆ ಆತ ಬರೆದದ್ದನ್ನು ಯಾರೂ ಹೇಳುವುದಿಲ್ಲ. ಆತನ ವಾದದ ಸಾರ ಹೀಗಿದೆ: ಈ ಲಕ್ಷಣಗಳಿಂದ ದೋಷ ಇರಬಹುದು ಅಂತ ಸಂಶಯ ಪಡಬಹುದು, ದೋಷ ಇದೆ ಅಂತ ನಿಶ್ಚಯ ಮಾಡಲು ಬರುವುದಿಲ್ಲ. ಯಾಕಂದರೆ ಯಾವ ವಿಕಾರ ಆ ವ್ಯಕ್ತಿಯ ಸ್ವಭಾವದಿಂದಲೇ ಬಂದದ್ದು, ಯಾವುದು ಒಂದು ಕಾರಣದಿಂದ ಹುಟ್ಟಿದ್ದು ಅಂತ ಬೇರ್ಪಡಿಸಿ ತಿಳಿಯುವುದು ಬಹಳ ಕಷ್ಟ.

ಇಷ್ಟಕ್ಕೇ ನಿಲ್ಲಿಸುವುದಿಲ್ಲ ಆತ. ಯಾರೋ ಬಹಳ ಜಾಣ ಅದನ್ನು ಬೇರ್ಪಡಿಸಿಯೇಬಿಟ್ಟ ಅಂತ ಇಟ್ಟುಕೊಂಡರೂ, ಅಷ್ಟರ ಮೇಲೆ ಒಬ್ಬನನ್ನು ಸೋತವನು ಅಂತ ತೀರ್ಮಾನಿಸಲು ಆಗದು ಅನ್ನುತ್ತಾನೆ. ಅದಕ್ಕೆ ಕೊಡುವ ಉದಾಹರಣೆ ಖಾರವಾಗಿದೆ. ಸಾಯುವ ಲಕ್ಷಣ ಕಂಡಿತು ಅಂತ ಯಾರೂ ಜೀವ ಇರುವಾಗಲೇ ಸತ್ತವರಿಗೆ ಮಾಡುವ ಕ್ರಿಯೆ ಮಾಡಿಬಿಡುವುದಿಲ್ಲ. ಸುಮಾರು ಒಂಬೈನೂರು ವರ್ಷದ ಹಿಂದೆ, ಸೆನ್ಸರೂ ಇಲ್ಲ, ಬೇಯ್ಸ್ ಪ್ರಮೇಯವೂ ಇಲ್ಲ, ಒಬ್ಬ ಕಾನೂನು ಪಂಡಿತ ತನ್ನ ಮೂಲಗ್ರಂಥದ ಮಾತಿಗೇ ಇಂಥ ಲಗಾಮು ಹಾಕಿದ. ಸಂಶಯ ಬೇರೆ, ಪುರಾವೆ ಬೇರೆ. ಸ್ವಭಾವದಿಂದ ಬಂದ ವಿಕಾರ ಅಂದನಲ್ಲ, ನೆಲ ನೋಡಿ ಮಾತಾಡುವ ನಮ್ಮ ಹುಡುಗನೂ ಅದರಲ್ಲೇ ಬಂದ.

ಅದೇ ಪ್ರಶ್ನೆ ನಮ್ಮ ಕಾಲದಲ್ಲಿ ಕರ್ನಾಟಕದ ಹೆಸರಿನಲ್ಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಅನ್ನುವ ಪ್ರಕರಣ, 2010ರ ಮೇ 5ರಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಪಾಲಿಗ್ರಾಫ್, ನಾರ್ಕೋ, ಬ್ರೈನ್ ಮ್ಯಾಪಿಂಗ್ ಈ ಮೂರನ್ನೂ ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಅಂತ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದು ಅನ್ನುವ ಸಂವಿಧಾನದ 20(3)ನೇ ವಿಧಿ, ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ ಅದಕ್ಕೆ ಆಧಾರ. ನಮ್ಮ ವಿಷಯಕ್ಕೆ ಹತ್ತಿರದ್ದು ಪಾಲಿಗ್ರಾಫ್. ಉಸಿರು, ರಕ್ತದೊತ್ತಡ, ನಾಡಿ, ಚರ್ಮದ ವಿದ್ಯುತ್ ವಾಹಕತೆ ಅಳೆಯುವ ಯಂತ್ರ ಅದು, ಮುಖ ಓದುವವನ ಕಣ್ಣಿಗೆ ವೈರು ಜೋಡಿಸಿದಂತೆ. ಹೆದರಿಕೆ, ಗೊಂದಲ, ಸಿಟ್ಟು ಇದ್ದರೂ ಅವೇ ಏರಿಳಿತ ಬರಬಹುದು ಅನ್ನುವ ಆಕ್ಷೇಪವನ್ನು ತೀರ್ಪು ವಿವರವಾಗಿ ಚರ್ಚಿಸಿದೆ. ಒಪ್ಪಿ ಮಾಡಿಸಿಕೊಂಡ ಪರೀಕ್ಷೆಯ ಫಲಿತಾಂಶವನ್ನೂ ನೇರವಾಗಿ ಸಾಕ್ಷ್ಯ ಅಂತ ತೆಗೆದುಕೊಳ್ಳುವಂತಿಲ್ಲ. ಅದರ ಸುಳುವಿನಿಂದ ಮುಂದೆ ಏನಾದರೂ ವಸ್ತು, ಮಾಹಿತಿ ಪತ್ತೆಯಾದರೆ ಅದನ್ನು ಪರಿಗಣಿಸಬಹುದು. ಅಂದರೆ ಹೆಗಲ ಮೇಲಿನ ಬೂದಿಯನ್ನ.

ಹಾಗಂತ ನಮ್ಮ ಕಾನೂನು ಹಾವಭಾವವನ್ನು ಪೂರ್ತಿ ಹೊರಗೆ ಹಾಕಿಲ್ಲ. ಸಾಕ್ಷಿ ಹೇಳುವಾಗ ವ್ಯಕ್ತಿಯ ನಡವಳಿಕೆ ಹೇಗಿತ್ತು ಅಂತ ನ್ಯಾಯಾಧೀಶರು ದಾಖಲಿಸಬಹುದು ಅನ್ನುವ ನಿಯಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಈಗಲೂ ಇದೆ. ಆ ನಿಯಮವನ್ನು ಬಳಸುವವರ ಪಕ್ಕದಲ್ಲಿ ವಿಜ್ಞಾನೇಶ್ವರ ಕೂತಿರಬೇಕು ಅಂತ ನನ್ನ ಆಸೆ.

ಹಾಗಾದರೆ ಸುಳ್ಳು ಹಿಡಿಯುವುದೇ ಆಗದೇನು ಅಂದರೆ, ಆಗುತ್ತದೆ, ಮುಖದಿಂದ ಅಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದಾಗ, ಅರಸನ ರೊಕ್ಕ ಜಂಗಮರಿಗೆ ಖರ್ಚು ಮಾಡುತ್ತಾನೆ ಅಂತ ಆಗದವರು ಚಾಡಿ ಹೇಳಿದ ಕತೆ ಬಸವ ಪುರಾಣದಲ್ಲಿ ಬರುತ್ತದೆ. ನಮ್ಮ ಮನೆಗಳಲ್ಲಿ ಅದನ್ನು ಪವಾಡ ಅಂತ ಕೇಳಿ ಬೆಳೆದಿದ್ದೇವೆ. ನಾನು ಗಮನಿಸಲು ಹೇಳುವುದು ಕತೆಯ ಇನ್ನೊಂದು ತುಣುಕನ್ನ. ಆರೋಪ ಬಂದಾಗ ಪರೀಕ್ಷೆಗೆ ಒಡ್ಡಿದ್ದು ಬಸವಣ್ಣನ ಮುಖವನ್ನಲ್ಲ, ಭಂಡಾರವನ್ನು. ತೆರೆಸಿ ಎಣಿಸಿದರು, ಲೆಕ್ಕ ಸರಿ ಬಂತು.

ಇವತ್ತಿನ ಸಂಶೋಧಕರು ಹೇಳುವ ದಾರಿಯೂ ಇದಕ್ಕೆ ದೂರ ಇಲ್ಲ. ಸ್ವೀಡನ್ನಿನ ಪಾರ್ ಆಂಡರ್ಸ್ ಗ್ರಾನ್‌ಹಾಗ್, ಮರಿಯಾ ಹಾರ್ಟ್‌ವಿಗ್ ಮುಂತಾದವರು ಬೆಳೆಸಿದ ವಿಧಾನದಲ್ಲಿ, ಕೈಯಲ್ಲಿರುವ ಪುರಾವೆಯನ್ನು ಮೊದಲೇ ಎದುರಿನವನ ಮುಂದೆ ಇಡುವುದಿಲ್ಲ. ಮೊದಲು ಪೂರ್ತಿ ವಿವರ ಕೇಳುತ್ತಾರೆ, ಆಮೇಲೆ ಪುರಾವೆಯ ಜೊತೆ ಹೊಂದುತ್ತದೋ ಅಂತ ನೋಡುತ್ತಾರೆ. ಹಾಸ್ಟೆಲಿನ ಉದಾಹರಣೆಯಲ್ಲಿ "ನೀನೇ ಕದ್ದಿ ಅಲ್ಲೇನು?" ಅಂತ ಗದರಿಸಿ ಬೆವರು ನೋಡುವ ಬದಲು, ನಿನ್ನೆ ಸಂಜೆ ಊಟದಿಂದ ಮಲಗುವವರೆಗೆ ಎಲ್ಲೆಲ್ಲಿ ಇದ್ದಿ, ಯಾರ ಜೊತೆ ಇದ್ದಿ ಅಂತ ಸಮಾಧಾನದಿಂದ ಕೇಳಿ, ಗೇಟಿನ ರಿಜಿಸ್ಟರ್, ಸಿಸಿಟಿವಿ, ಮೆಸ್ಸಿನ ಸಹಿ ಇವುಗಳ ಜೊತೆ ಜೋಡಿಸಿ ನೋಡುವುದು. ಇದೂ ಮಂತ್ರದಂಡ ಅಲ್ಲ. ನೆನಪು ತಪ್ಪಿ ಸತ್ಯವಂತನೂ ಒಂದೆರಡು ಕಡೆ ತಪ್ಪು ಹೇಳಬಹುದು. ಆದರೆ ಇಲ್ಲಿ ತಪ್ಪಾದರೆ ಇನ್ನೊಮ್ಮೆ ಪರಿಶೀಲಿಸಲು ಕಾಗದ ಇರುತ್ತದೆ. ಮುಖದ ಮೇಲಿನ ಬೆವರು ಐದು ನಿಮಿಷಕ್ಕೆ ಆರಿಹೋಗುತ್ತದೆ.

ವೈವಾದಲ್ಲಂತೂ ಇದು ಇನ್ನೂ ಸುಲಭ. ಪ್ರಾಜೆಕ್ಟ್ ತಾನೇ ಮಾಡಿದ್ದಾನೋ ದುಡ್ಡು ಕೊಟ್ಟು ತಂದಿದ್ದಾನೋ ಅಂತ ಅನುಮಾನ ಬಂದರೆ ಕಣ್ಣು ನೋಡುವ ಕೆಲಸವೇ ಇಲ್ಲ. ಈ ರೆಸಿಸ್ಟರ್ 10 ಕಿಲೋ ಓಮ್ ಯಾಕೆ ಹಾಕಿದಿ, 1 ಕಿಲೋ ಹಾಕಿದರೆ ಏನಾಗತೈತಿ? ಮೊದಲ ಸಲ ಬೋರ್ಡ್ ಯಾಕೆ ಕೆಲಸ ಮಾಡಲಿಲ್ಲ? ಕೋಡಿನಲ್ಲಿ ಈ ಡಿಲೇ ತೆಗೆದು ಇಲ್ಲೇ ಓಡಿಸಿ ತೋರಿಸು. ಇದನ್ನ ಕನ್ನಡದಾಗೇ ಕೇಳಿದರೂ ನಡೆಯುತ್ತದೆ. ತಾನೇ ಬೆಸುಗೆ ಹಾಕಿದ ಹುಡುಗ ನೆಲ ನೋಡುತ್ತಲೇ, ಬೆವರುತ್ತಲೇ, ತೊದಲುತ್ತಲೇ ಆ ಸುಟ್ಟುಹೋದ ಐಸಿಯ ಕತೆ ಪೂರ್ತಿ ಹೇಳುತ್ತಾನೆ.